ಟ್ಯಾಕ್ಸಿಗೆ ಕಾಸಿಲ್ಲದ ಲಕ್ಷಾಧೀಶ

(ಮಾಟುಂಗಾದಲ್ಲಿ ಮುಂಬಯಿ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಘದಲ್ಲಿ ಬಿಟ್ಟುಹೋದ ಕೆಲವು ಇಸವಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಹಿರಿಯರೇ, ಗೆಳೆಯರೇ,

ಸಂಘಟಕರು ನನಗೆ ಕೊಟ್ಟ ವಿಷಯ ‘ಅಂತಾರಾಷ್ಟ್ರೀಯ ಸಂಬಂಧಗಳು ಮತ್ತು ಬೆಳೆಯುತ್ತಿರುವ ದೇಶಗಳ ಅಭಿವೃದ್ಧಿ: ಒಂದು ಪ್ರಗತಿಪರ ನೋಟ’. ಆಮಂತ್ರಣ ಪತ್ರಿಕೆಯಲ್ಲಿ ಇದನ್ನು ಮೂರು ಸಾಲಿಗೆ ಮಡಚಿ ಅಚ್ಚು ಹಾಕಿದ್ದಾರೆ. ನಾನು ಪ್ರಾಧ್ಯಾಪಕನಲ್ಲ; ಈ ಊರಿನ ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಕಾಗದ ತಿದ್ದುತ್ತ ತಲೆ ಬೆಳ್ಳಗಾದವನು. ಆದ್ದರಿಂದ ಸಿದ್ಧಾಂತವನ್ನು ಬದಿಗಿಟ್ಟು ಒಂದು ಹೋಟೆಲಿನಿಂದ ಶುರು ಮಾಡುತ್ತೇನೆ. ಮಾಟುಂಗಾದ ಹೋಟೆಲಿಗೆ ಆಮೇಲೆ ಬರೋಣ. ಇದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಗುಡ್ಡಗಳ ನಡುವಿನ ಮೌಂಟ್ ವಾಷಿಂಗ್ಟನ್ ಹೋಟೆಲು. ಊರು ಬ್ರೆಟನ್ ವುಡ್ಸ್, ಕಾಲ 1944ರ ಜುಲೈ.

ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಮುಗಿದ ಮೇಲೆ ಲೋಕದ ಹಣಕಾಸಿನ ಕಟ್ಟುಪಾಡು ಹೇಗಿರಬೇಕೆಂದು ತೀರ್ಮಾನಿಸಲು 44 ದೇಶಗಳ ಪ್ರತಿನಿಧಿಗಳು ಅಲ್ಲಿ ಸೇರಿದ್ದರು. ಇಂದಿನ ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಮತ್ತು ವಿಶ್ವಬ್ಯಾಂಕುಗಳ ಜಾತಕ ಬರೆದದ್ದು ಆ ಮೂರು ವಾರಗಳಲ್ಲಿ. ನಮಗೆ ಸ್ವಾತಂತ್ರ್ಯ ಬಂದಿರಲಿಲ್ಲವಾದರೂ ಭಾರತದ ಹೆಸರಿನಲ್ಲಿ ಒಂದು ನಿಯೋಗ ಹೋಗಿತ್ತು. ಮುಂದಾಳು ಜೆರೆಮಿ ರೈಸ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ. ಜೊತೆಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಸಿ.ಡಿ. ದೇಶ್‌ಮುಖ್, ಆರ್.ಕೆ. ಷಣ್ಮುಖಂ ಚೆಟ್ಟಿ, ನಮ್ಮ ಮುಂಬಯಿಯ ಉದ್ಯಮಿ ಎ.ಡಿ. ಶ್ರಾಫ್ ಮೊದಲಾದವರಿದ್ದರು.

ಭಾರತದ ಗಂಟು ಆಗ ಲಂಡನ್ನಿನಲ್ಲಿ ಸಿಕ್ಕಿಕೊಂಡಿತ್ತು. ಯುದ್ಧಕ್ಕೆ ಬೇಕಾದ ಬಟ್ಟೆ, ಸೆಣಬು, ಉಕ್ಕು, ದವಸ ಎಲ್ಲವನ್ನೂ ಬ್ರಿಟನ್ ಇಲ್ಲಿಂದ ಎತ್ತಿತು. ಹಣ ಮಾತ್ರ ಕೈಗೆ ಬರಲಿಲ್ಲ. ನಿಮ್ಮ ಲೆಕ್ಕಕ್ಕೆ ಇಷ್ಟು ಪೌಂಡು ಜಮೆಯಾಗಿದೆ ಎಂಬ ಕಾಗದ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಆ ಬಾಕಿ ಸುಮಾರು 130 ಕೋಟಿ ಪೌಂಡ್ ಆಗಿತ್ತು. ಇದರಲ್ಲಿ ಒಂದು ಪಾಲನ್ನಾದರೂ ಡಾಲರಿಗೆ ಬದಲಾಯಿಸಿಕೊಳ್ಳಲು ಹೊಸ ನಿಧಿಯಲ್ಲಿ ಅವಕಾಶ ಇರಲಿ ಎಂದು ನಮ್ಮವರು ಕೇಳಿದರು. ಬ್ಯಾಂಕಿನಲ್ಲಿ ಹತ್ತು ಲಕ್ಷ ಡಾಲರ್ ಇದ್ದೂ ಟ್ಯಾಕ್ಸಿಯವನಿಗೆ ಕೊಡಲು ಕಾಸಿಲ್ಲದ ಮನುಷ್ಯನ ಸ್ಥಿತಿಗೆ ನಮ್ಮನ್ನು ತಳ್ಳುತ್ತೀರಾ ಎಂಬುದು ಶ್ರಾಫ್ ಅಲ್ಲಿ ಕೇಳಿದ ಪ್ರಶ್ನೆಯ ಸಾರ. ಮುಂಬಯಿಯವನಲ್ಲದೆ ಇನ್ನಾರು ಹೀಗೆ ಕೇಳಿಯಾರು! ಬ್ರಿಟನ್ನಿನ ಪರವಾಗಿ ಬಂದಿದ್ದ ಅರ್ಥಶಾಸ್ತ್ರಜ್ಞ ಕೇನ್ಸ್ ಬಹಳ ಸೌಜನ್ಯದಿಂದ ಉತ್ತರ ಕೊಟ್ಟರು: ಇದು ನಮಗೂ ಸಾಲ ಕೊಟ್ಟವರಿಗೂ ಸಂಬಂಧಿಸಿದ ವಿಚಾರ, ಗೌರವಯುತವಾಗಿ ಇತ್ಯರ್ಥ ಮಾಡುತ್ತೇವೆ, ನಿಧಿಗೆ ಇದರ ಉಸಾಬರಿ ಬೇಡ. ಅಮೆರಿಕಕ್ಕೂ ಅದೇ ಬೇಕಿತ್ತು. ಅಲ್ಲಿಗೆ ಕಡತ ಮುಚ್ಚಿತು.

ಇನ್ನೊಂದು ಬೇಡಿಕೆಯೂ ಇತ್ತು. ಹಿಂದುಳಿದ ದೇಶಗಳ ಸಂಪನ್ಮೂಲಗಳನ್ನು ಬೆಳೆಸುವುದು ನಿಧಿಯ ಉದ್ದೇಶಗಳಲ್ಲಿ ಒಂದಾಗಿರಲಿ ಎಂದು ಭಾರತದ ನಿಯೋಗ ತಿದ್ದುಪಡಿ ತಂದಿತು. ಕೊನೆಗೆ ಅಚ್ಚಾದದ್ದು ‘ಎಲ್ಲ ಸದಸ್ಯರ’ ಉತ್ಪಾದಕ ಸಂಪನ್ಮೂಲಗಳ ಅಭಿವೃದ್ಧಿ ಎಂದು. ಎಲ್ಲರೂ ಎಂದಮೇಲೆ ಅಮೆರಿಕವೂ ಬಂತು. ಇನ್ನು ಲಂಡನ್ನಿನ ಬಾಕಿಯ ಕಥೆ: ಕಂತು ಕಂತಾಗಿ ಬಿಡುಗಡೆಯಾಗುತ್ತಿದ್ದಾಗಲೇ, 1949ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80 ಡಾಲರಿಗೆ ಇಳಿಸಿತು. ಸಾಲಗಾರ ಒಂದು ಸಹಿ ಹಾಕಿ, ಡಾಲರ್ ಲೆಕ್ಕದಲ್ಲಿ ನಮ್ಮ ಉಳಿತಾಯದ ಸುಮಾರು ಹತ್ತರಲ್ಲಿ ಮೂರು ಪಾಲನ್ನು ಅಳಿಸಿದ.

ಇಷ್ಟು ಹೇಳಿದರೆ ನೀವು ಚಪ್ಪಾಳೆ ತಟ್ಟುತ್ತೀರಿ, ನಾನು ಕುಳಿತುಕೊಳ್ಳಬಹುದು. ಬಿಳಿಯರು ಮೋಸ ಮಾಡಿದರು, ನಾವು ಮೋಸಹೋದೆವು. ಸಭೆಗೆ ಇದಕ್ಕಿಂತ ಹಿತವಾದ ಮಾತಿಲ್ಲ. ಆದರೆ ಆ 130 ಕೋಟಿ ಪೌಂಡು ಕೂಡಿಕೊಂಡದ್ದು ಯಾರ ಹೊಟ್ಟೆಯಿಂದ? ಲಂಡನ್ನಿನಲ್ಲಿ ಪೌಂಡು ಜಮೆಯಾದಂತೆಲ್ಲ ಇಲ್ಲಿ ಅದರ ಆಧಾರದ ಮೇಲೆ ರೂಪಾಯಿ ನೋಟು ಅಚ್ಚಾಯಿತು. ನೋಟು ಹೆಚ್ಚಿತು, ದವಸ ಹೆಚ್ಚಲಿಲ್ಲ, ಬೆಲೆ ಗಗನಕ್ಕೇರಿತು. 1943ರಲ್ಲಿ ಬಂಗಾಳದಲ್ಲಿ ಸತ್ತವರ ಅಂದಾಜು 30 ಲಕ್ಷದವರೆಗೆ ಹೋಗುತ್ತದೆ. ಕೂಲಿಯವರು, ಮೀನುಗಾರರು, ತುಂಡು ಭೂಮಿಯೂ ಇಲ್ಲದವರು. ಅದೇ ವರ್ಷಗಳಲ್ಲಿ ಈ ಊರಿನ ಬಟ್ಟೆ ಗಿರಣಿಗಳ ಮಾಲೀಕರು ಹಿಂದೆಂದೂ ಕಾಣದ ಲಾಭ ಕಂಡರು. 1944ರಲ್ಲೇ ಟಾಟಾ, ಬಿರ್ಲಾ, ಠಾಕುರ್‌ದಾಸ್ ಮುಂತಾದವರು ಸೇರಿ ಹದಿನೈದು ವರ್ಷಗಳಿಗೆ 10,000 ಕೋಟಿ ರೂಪಾಯಿಯ ‘ಬಾಂಬೆ ಪ್ಲ್ಯಾನ್’ ಎಂಬ ಅಭಿವೃದ್ಧಿ ಯೋಜನೆ ಮುಂದಿಟ್ಟರು. ಅದಕ್ಕೆ ಬೇಕಾದ ಬಂಡವಾಳದ ಒಂದು ಭಾಗ ಲಂಡನ್ನಿನ ಈ ಗಂಟಿನಿಂದಲೇ ಬರಬೇಕಿತ್ತು. ಸಹಿ ಹಾಕಿದವರಲ್ಲಿ ಶ್ರಾಫ್ ಕೂಡ ಒಬ್ಬರು. (ಮುಂದೆ 1956ರಲ್ಲಿ ಮುಕ್ತ ಉದ್ಯಮದ ಪರವಾಗಿ ವೇದಿಕೆಯನ್ನೇ ಕಟ್ಟಿದವರು ಅವರು. ಪ್ರಗತಿಪರ ಉಪನ್ಯಾಸದಲ್ಲಿ ತಮ್ಮ ಗುಣಗಾನ ಕೇಳಿದ್ದರೆ ನಕ್ಕೇ ನಗುತ್ತಿದ್ದರು.)

ನಾನು ಹೇಳಬೇಕೆಂದಿರುವುದು ಇಷ್ಟೇ. ಪತ್ರಿಕೆಯ ವಿದೇಶ ಪುಟದಲ್ಲಿ ‘ಭಾರತ ತಿರುಗೇಟು ನೀಡಿತು’, ‘ಚೀನಾ ಮುನಿಸಿಕೊಂಡಿತು’ ಎಂದು ಓದುತ್ತೇವೆ; ದೇಶವೆಂದರೆ ಮೀಸೆಯಿರುವ ಒಬ್ಬ ಯಜಮಾನ ಎನ್ನುವ ಹಾಗೆ. ಯಾವ ಒಪ್ಪಂದಕ್ಕೂ ಎರಡು ಲೆಕ್ಕಗಳಿರುತ್ತವೆ. ಹೊರಗಿನ ಲೆಕ್ಕದಲ್ಲಿ ದೊಡ್ಡ ದೇಶ ಸಣ್ಣ ದೇಶದಿಂದ ಏನು ಕಿತ್ತುಕೊಂಡಿತೆಂಬುದು ಇರುತ್ತದೆ. ಒಳಗಿನ ಲೆಕ್ಕದಲ್ಲಿ ಆ ಹೊರೆಯನ್ನು ದೇಶದೊಳಗೆ ಯಾರ ತಲೆಗೆ ದಾಟಿಸಲಾಯಿತೆಂಬುದು ಇರುತ್ತದೆ. ರಾಷ್ಟ್ರಾಭಿಮಾನಿಗಳು ಮೊದಲನೆಯದನ್ನು ಮಾತ್ರ ತೆರೆಯುತ್ತಾರೆ. ಮಾರುಕಟ್ಟೆಯ ಭಕ್ತರು ಅದನ್ನು ತೆರೆಯಲು ಬಿಡುವುದೇ ಇಲ್ಲ; ಎಲ್ಲ ತಪ್ಪೂ ನಮ್ಮ ಸೋಮಾರಿತನದ್ದು ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ತೆರೆದು ಓದುವವನನ್ನು ನಾನು ಪ್ರಗತಿಪರ ಎಂದು ಕರೆಯುತ್ತೇನೆ. ಕೆಂಪು ಶಾಲು ಐಚ್ಛಿಕ.

ನಾನೇ ಕಂಡ ಕಾಲಕ್ಕೆ ಬರುತ್ತೇನೆ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಕೆಲವೇ ವಾರಗಳಲ್ಲಿ ಕಚ್ಚಾ ತೈಲದ ಬೆಲೆ ಇಮ್ಮಡಿಯಾಯಿತು. ಏರ್ ಇಂಡಿಯಾ ವಿಮಾನಗಳು ಅಮ್ಮಾನ್‌ನಿಂದ 1.7 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹೊತ್ತು ತಂದವು. ಸಹಾರ್ ನಿಲ್ದಾಣದಲ್ಲಿ ಇಳಿದವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಅವರಲ್ಲೊಬ್ಬರು ನಮ್ಮ ಕೌಂಟರಿಗೆ ಬಂದು ಅಂಗಿಯ ಒಳಜೇಬಿನಿಂದ ಕುವೈತಿ ದಿನಾರ್ ನೋಟುಗಳನ್ನು ತೆಗೆದು ಸಾಲಾಗಿ ಹರಡಿದರು. ಬೆವರಿಗೆ ನೆನೆದು ಒಂದಕ್ಕೊಂದು ಅಂಟಿದ್ದ ನೋಟುಗಳನ್ನು ಉಗುರಿನಿಂದ ಬಿಡಿಸಿ ಬಿಡಿಸಿ ಇಟ್ಟರು. ಜುಲೈಯಲ್ಲಿ ಲೋಕದ ಅತಿ ದುಬಾರಿ ಹಣಗಳಲ್ಲಿ ಒಂದಾಗಿದ್ದ ಅದನ್ನು ಆಗಸ್ಟಿನಲ್ಲಿ ತೆಗೆದುಕೊಳ್ಳುವಂತಿರಲಿಲ್ಲ. ಕುವೈತ್ ಎಂಬ ದೇಶವೇ ಆಗ ಲೆಕ್ಕದಲ್ಲಿರಲಿಲ್ಲ. “ಊರಿಗೆ ಬಸ್ಸಿನ ಚಾರ್ಜಾದರೂ ಕೊಡಿ ಸ್ವಾಮಿ” ಎಂದರು. ನಮ್ಮ ಸಹೋದ್ಯೋಗಿಗಳು ಸೇರಿ ಕೈಯಿಂದ ಹಾಕಿ ಕಳುಹಿಸಿದೆವು.

ತೈಲದ ಬಿಲ್ಲು ಏರಿತು, ಕೊಲ್ಲಿಯ ಹಣ ಸೊರಗಿತು, ಅನಿವಾಸಿ ಭಾರತೀಯರಲ್ಲಿ ಉಳ್ಳವರು ತಮ್ಮ ಠೇವಣಿಯನ್ನು ಸದ್ದಿಲ್ಲದೆ ಹಿಂತೆಗೆದರು. ದೇಶಪ್ರೇಮದ ವಿಚಾರದಲ್ಲಿ ಭಾಷಣ ಮಾಡುವವರಿಗೆ ಈ ಕೊನೆಯ ಸಂಗತಿ ಇಷ್ಟವಾಗುವುದಿಲ್ಲ. 1991ರ ನಡುಭಾಗದ ಹೊತ್ತಿಗೆ ದೇಶದ ವಿದೇಶಿ ವಿನಿಮಯ ಮೂರು ವಾರಗಳ ಆಮದಿಗೂ ಸಾಲದಷ್ಟಾಯಿತು. ಆಮದಿಗೆ ಎಲ್‌ಸಿ (ಮಾರಿದವನಿಗೆ ಹಣ ಖಾತರಿ ಮಾಡುವ ಬ್ಯಾಂಕಿನ ಪತ್ರ) ತೆರೆಯಬೇಕಾದರೆ ಸರಕಿನ ಬೆಲೆಗಿಂತ ಹೆಚ್ಚಿನ ನಗದನ್ನು ಮುಂಗಡವಾಗಿ ಇಡಬೇಕು ಎಂಬ ಸುತ್ತೋಲೆ ಬಂತು. ದೊಡ್ಡ ಕಂಪನಿಗಳು ಇಟ್ಟವು. ಭಾಂಡುಪಿನಲ್ಲಿ ಹನ್ನೆರಡು ಜನರ ಕಾರ್ಖಾನೆ ನಡೆಸುತ್ತಿದ್ದ ನಮ್ಮ ಧಾರವಾಡದ ಕಡೆಯ ಒಬ್ಬರಿಗೆ ಆಗಲಿಲ್ಲ. ಜಪಾನಿನಿಂದ ಬರಬೇಕಿದ್ದ ಬಿಡಿಭಾಗ ಬರಲಿಲ್ಲ, ಆ ಮಳೆಗಾಲಕ್ಕೇ ಶೆಡ್ಡಿಗೆ ಬೀಗ ಬಿತ್ತು. ಸುತ್ತೋಲೆ ಎಲ್ಲರಿಗೂ ಒಂದೇ ಆಗಿತ್ತು.

ಮೇ ತಿಂಗಳಲ್ಲಿ ಸರ್ಕಾರ 20 ಟನ್ ಚಿನ್ನವನ್ನು ಸ್ವಿಟ್ಜರ್ಲೆಂಡಿಗೆ ಕಳುಹಿಸಿತ್ತು. ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಇನ್ನೂ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನಿನಲ್ಲಿ ಒತ್ತೆಯಿಟ್ಟಿತು. ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್. ಕಾಗದದ ಒತ್ತೆ ಸಾಲದೆಂದು ಚಿನ್ನವೇ ಮುಂಬಯಿಯಿಂದ ವಿಮಾನವೇರಿತು. ದೇಶದ ಮಾನ ಹೋಯಿತೆಂದು ಆಗ ಕಣ್ಣೀರಿಟ್ಟವರು ಬಹಳ. ಅದೇ ಜುಲೈಯ ಬಜೆಟ್ಟಿನಲ್ಲಿ ರಸಗೊಬ್ಬರದ ಬೆಲೆಯನ್ನು ಶೇ. 40ರಷ್ಟು ಏರಿಸುವ ಪ್ರಸ್ತಾವ ಬಂದಾಗ ಗಲಾಟೆ ಮಾಡಿದ್ದು ರೈತರು ಮತ್ತು ಅವರ ಮತ ಬೇಕಿದ್ದ ಸಂಸದರು. ಏರಿಕೆ ಶೇ. 30ಕ್ಕೆ ಇಳಿಯಿತು, ಸಣ್ಣ ಮತ್ತು ಅತಿಸಣ್ಣ ರೈತರಿಗೆ ವಿನಾಯಿತಿ ಸಿಕ್ಕಿತು. ನಮಗೆ ಬೇರೆ ದಾರಿಯೇ ಇರಲಿಲ್ಲ ಎನ್ನುವ ಅರ್ಥಶಾಸ್ತ್ರಜ್ಞರನ್ನು ಕಂಡಾಗೆಲ್ಲ ನನಗೆ ಈ ಶೇ. 10 ನೆನಪಾಗುತ್ತದೆ. ಗಲಾಟೆ ಮಾಡಿದವರಿಗೆ ಸ್ವಲ್ಪ ದಾರಿ ಬಿಟ್ಟಿತು. ಭಾಂಡುಪಿನ ಹನ್ನೆರಡು ಜನರಿಗೆ ಗಲಾಟೆ ಮಾಡುವ ಬಲವಿರಲಿಲ್ಲ. 1991ರ ಆರ್ಥಿಕ ಸುಧಾರಣೆಗಳಿಂದ ಎಲ್ಲವೂ ಕೆಟ್ಟಿತು ಎನ್ನುವವನು ನಾನಲ್ಲ. ಫೋನಿಗಾಗಿ ವರ್ಷಗಟ್ಟಲೆ ಕಾದ ನೆನಪು ಇಲ್ಲಿರುವ ಅನೇಕರಿಗಿದೆ.

ಐಎಂಎಫ್‌ನಲ್ಲಿ ಇವತ್ತಿಗೂ ದೊಡ್ಡ ತೀರ್ಮಾನಗಳಿಗೆ ಶೇ. 85 ಮತ ಬೇಕು. ಅಮೆರಿಕದ ಮತ ಶೇ. 16ಕ್ಕಿಂತ ಹೆಚ್ಚು. ಕೂಡಿ ಕಳೆದರೆ, ಅದೊಂದೇ ದೇಶ ಬೇಡವೆಂದರೆ ಮಿಕ್ಕವರೆಲ್ಲ ಒಟ್ಟಾದರೂ ಆಗದು. ಮನುಕುಲದ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನರಿರುವ ಭಾರತದ ಮತ ಶೇ. 3ಕ್ಕಿಂತ ಕಡಿಮೆ. 2009ರಲ್ಲಿ ಅದೇ ಐಎಂಎಫ್‌ನಿಂದ ನಾವು 200 ಟನ್ ಚಿನ್ನ ಕೊಂಡೆವು, ಸುಮಾರು 670 ಕೋಟಿ ಡಾಲರ್ ಕೊಟ್ಟು. 1991ರಲ್ಲಿ ಚಿನ್ನ ಒತ್ತೆಯಿಟ್ಟದ್ದರ ಸೇಡು ತೀರಿತೆಂದು ಕೆಲವರು ಬರೆದರು. ಮತದ ಲೆಕ್ಕ ಅದರಿಂದ ಬದಲಾಗಲಿಲ್ಲ.

ಇದನ್ನು ಬದಲಾಯಿಸಲು ಯಾರೂ ಹೆಣಗಲಿಲ್ಲವೇ? ಹೆಣಗಿದರು. ಅರ್ಜೆಂಟೀನಾದ ರಾಲ್ ಪ್ರೆಬಿಶ್, ಕಚ್ಚಾ ಸರಕು ಮಾರಿ ಯಂತ್ರ ಕೊಳ್ಳುವ ದೇಶಗಳು ಕಾಲ ಕಳೆದಂತೆ ಹೆಚ್ಚು ಹೆಚ್ಚು ಸರಕು ಕೊಟ್ಟು ಅಷ್ಟೇ ಯಂತ್ರ ತರಬೇಕಾಗುತ್ತದೆಂದು 1950ರ ಹೊತ್ತಿಗೇ ತೋರಿಸಿಕೊಟ್ಟರು. 1964ರಲ್ಲಿ ಬೆಳೆಯುತ್ತಿರುವ 77 ದೇಶಗಳ ಜಿ-77 ಕೂಟ ಹುಟ್ಟಿತು. 1974ರ ಮೇ 1ರಂದು ‘ಹೊಸ ಅಂತಾರಾಷ್ಟ್ರೀಯ ಆರ್ಥಿಕ ವ್ಯವಸ್ಥೆ’ಯ ಘೋಷಣೆ ವಿಶ್ವಸಂಸ್ಥೆಯಲ್ಲಿ ಅಂಗೀಕಾರವಾಯಿತು. ತಮಾಷೆ ಏನೆಂದರೆ, ಅದೇ ವರ್ಷದ ಜನವರಿಯಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳ ಬಟ್ಟೆಗೆ ಕೋಟಾ ಹಾಕುವ ಮಲ್ಟಿ ಫೈಬರ್ ಒಪ್ಪಂದವನ್ನು ಜಾರಿಗೆ ತಂದಿದ್ದವು. ಮುಕ್ತ ವ್ಯಾಪಾರದ ಗುರುಗಳೇ ನಮ್ಮ ಬಟ್ಟೆಗೆ ಬಾಗಿಲು ಹಾಕಿದರು. ಆ ಕೋಟಾ ಪೂರ್ತಿ ತೆರವಾದದ್ದು 2004ರ ಕೊನೆಗೆ. ಘೋಷಣೆಯ ಕಥೆ ಅಷ್ಟು ಕಾಲವೂ ಬಾಳಲಿಲ್ಲ. ಅಮೆರಿಕ ಬಡ್ಡಿಯನ್ನು ಶೇ. 20ರ ಸುತ್ತಮುತ್ತ ಏರಿಸಿತು, 1982ರ ಆಗಸ್ಟಿನಲ್ಲಿ ಮೆಕ್ಸಿಕೊ ಸಾಲ ತೀರಿಸಲಾರೆನೆಂದು ಕೈಯೆತ್ತಿತು, ಸಾಲಗಾರ ದೇಶಗಳು ಒಂದೊಂದಾಗಿ ಷರತ್ತಿಗೆ ತಲೆ ಕೊಟ್ಟವು.

ಅದೇ ವರ್ಷ ಜನವರಿ 18ರಂದು ಈ ಊರಿನ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಆ ಗಿರಣಿಗಳು ಮುಳುಗಿದ್ದಕ್ಕೆ ವಿದೇಶಿ ಕೋಟಾ ಕಾರಣ ಎಂದು ಹೇಳಿದರೆ ನನ್ನ ವಾದಕ್ಕೆ ಅನುಕೂಲ, ಆದರೆ ಅದು ಸತ್ಯವಲ್ಲ. ಭಿವಂಡಿಯ ಪವರ್‌ಲೂಮುಗಳಲ್ಲಿ ಅಗ್ಗದ ಕೂಲಿಗೆ ಬಟ್ಟೆ ನೇಯಿಸಬಹುದಿತ್ತು. ಗಿರಣಿಯ ಯಂತ್ರಕ್ಕಿಂತ ಗಿರಣಿ ನಿಂತ ನೆಲಕ್ಕೆ ಬೆಲೆ ಹೆಚ್ಚಾಗಿತ್ತು. ಸುಮಾರು 600 ಎಕರೆ ಜಾಗ. 1991ರ ನಿಯಮ ಅದರಲ್ಲಿ ಮೂರರಲ್ಲೊಂದು ಪಾಲು ನಗರಪಾಲಿಕೆಗೆ, ಇನ್ನೊಂದು ಪಾಲು ಸರ್ಕಾರಿ ವಸತಿಗೆ ಎಂದಿತ್ತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗದಲ್ಲಿ ಮಾತ್ರ ಪಾಲು ಎಂದರು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಲೋವರ್ ಪರೇಲಿನಲ್ಲಿ ಇಳಿದು ಸುತ್ತ ನೋಡಿದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಇದರಲ್ಲಿ ವಾಷಿಂಗ್ಟನ್ನಿನ ಕೈವಾಡ ಹುಡುಕಿದರೆ ಸಿಗುವುದಿಲ್ಲ.

ಈಗ ಮಾಟುಂಗಾದ ಹೋಟೆಲು. 2022ರ ಏಪ್ರಿಲ್ ಕೊನೆಯಲ್ಲಿ ಪರಿಚಯದ ಶೆಟ್ಟರ ಅಡುಗೆಮನೆಯಲ್ಲಿ ನಿಂತಿದ್ದೆ. ಭಟ್ಟಿಯ ಪಕ್ಕ ಪಾಮೋಲಿನ್ (ತಾಳೆ) ಎಣ್ಣೆಯ 15 ಕಿಲೋ ಡಬ್ಬಗಳು. ಶೆಟ್ಟರು ಸೀಮೆಸುಣ್ಣದಲ್ಲಿ ಡಬ್ಬದ ಮೇಲೆ ಕೊಂಡ ದಿನ ಮತ್ತು ಬೆಲೆ ಬರೆದಿಡುತ್ತಾರೆ. ಒಂದರ ಪಕ್ಕ ಒಂದು ಇಟ್ಟಿದ್ದರಿಂದ ಬೆಲೆ ಮೆಟ್ಟಿಲು ಹತ್ತಿದ್ದು ಕಣ್ಣಿಗೇ ಕಾಣುತ್ತಿತ್ತು. ಬಾಣಲೆಯಲ್ಲಿ ವಡೆ ಬಿಡುವ ಹುಡುಗನಿಗೆ ಅಂದಿನಿಂದ ಹೊಸ ಅಪ್ಪಣೆ: ಎಣ್ಣೆ ಕಪ್ಪಾಗುವ ಮೊದಲು ಬದಲಾಯಿಸಬೇಡ. “ಉಕ್ರೇನಿನಲ್ಲಿ ಯುದ್ಧ, ಇಂಡೋನೇಷ್ಯಾದಲ್ಲಿ ನಿಷೇಧ, ನನ್ನ ವಡೆ ಅವರಿಗೆ ಏನು ಮಾಡಿತ್ತು ಮಾರಾಯರೇ?” ಎಂದು ಶೆಟ್ಟರು ಕೇಳಿದರು. ನಾವು ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಉಕ್ರೇನಿನಿಂದ ಸೂರ್ಯಕಾಂತಿ ಎಣ್ಣೆ ನಿಂತಿತ್ತು. ಏಪ್ರಿಲ್ 28ರಿಂದ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು, ತನ್ನ ಜನರಿಗೆ ಎಣ್ಣೆ ದುಬಾರಿಯಾಯಿತೆಂದು. ಆದರೆ ಅಲ್ಲಿಯ ಸಣ್ಣ ತಾಳೆ ಬೆಳೆಗಾರರಿಗೆ ಹಣ್ಣಿನ ಬೆಲೆ ಕುಸಿದು, ಅವರು ಜಕಾರ್ತದಲ್ಲಿ ಬೀದಿಗಿಳಿದರು. ಮೇ 23ಕ್ಕೆ ನಿಷೇಧ ತೆರವಾಯಿತು. ಮಾಟುಂಗಾದ ಶೆಟ್ಟರೂ ಸುಮಾತ್ರಾದ ರೈತನೂ ಆ ಒಂದು ತಿಂಗಳು ಒಂದೇ ಪಕ್ಷದಲ್ಲಿದ್ದರು, ಇಬ್ಬರಿಗೂ ಗೊತ್ತಿಲ್ಲದೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅದೇ ಸೆಪ್ಟೆಂಬರಿನಲ್ಲಿ ಭಾರತ ನುಚ್ಚಕ್ಕಿಯ ರಫ್ತು ನಿಷೇಧಿಸಿತು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯನ್ನೂ ನಿಲ್ಲಿಸಿತು, ಆಗಸ್ಟಿನಲ್ಲಿ ಕುಚ್ಚಲಕ್ಕಿಗೆ ಶೇ. 20 ಸುಂಕ ಹಾಕಿತು. ಲೋಕದ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ. 40 ನಮ್ಮದು. ನಾವು ನುಚ್ಚನ್ನು ಉಪ್ಪಿಟ್ಟಿಗೋ ಕೋಳಿಗೋ ಎನ್ನುತ್ತೇವೆ. ಸೆನೆಗಲ್ಲಿನಲ್ಲಿ ಅದು ಊಟ: ಮೀನು, ತರಕಾರಿ ಹಾಕಿ ಬೇಯಿಸುವ ಅವರ ಪ್ರಸಿದ್ಧ ಅನ್ನಕ್ಕೆ ನುಚ್ಚಕ್ಕಿಯೇ ಬೇಕು, ಅದರಲ್ಲಿ ಬಹುಪಾಲು ಹೋಗುತ್ತಿದ್ದುದು ಇಲ್ಲಿಂದ. ಅಮೆರಿಕದ ಕನ್ನಡಿಗರು ಅಂಗಡಿಗಳಲ್ಲಿ ಅಕ್ಕಿ ಚೀಲಕ್ಕೆ ಸಾಲು ನಿಂತ ವಿಡಿಯೋ ನಮ್ಮ ಮೊಬೈಲುಗಳಿಗೆ ಬಂದವು. ಸೆನೆಗಲ್ಲಿನ ರಾಜಧಾನಿ ಡಕಾರ್‌ನ ಅಡುಗೆಮನೆಯದು ಬರಲಿಲ್ಲ.

ಇಲ್ಲಿ ನನ್ನ ಎಡಪಂಥೀಯ ಗೆಳೆಯರೊಡನೆ ನನಗೊಂದು ಜಗಳವಿದೆ. ‘ದಕ್ಷಿಣದ ದೇಶಗಳು’ ಎಂದು ಅವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆ ಕೂಟದಲ್ಲಿ ಹುಲಿಯೂ ಇದೆ, ಮೊಲವೂ ಇದೆ. ದೆಹಲಿ 2023ರಲ್ಲಿ ಜಿ-20 ಅಧ್ಯಕ್ಷತೆ ವಹಿಸಿ ಆಫ್ರಿಕನ್ ಒಕ್ಕೂಟವನ್ನು ಸದಸ್ಯನನ್ನಾಗಿ ಮಾಡಿತು, ಮೆಚ್ಚತಕ್ಕ ಕೆಲಸ. ಆ ಶೃಂಗಸಭೆಗೆ ಏಳು ವಾರ ಮೊದಲು ಅಕ್ಕಿ ನಿಂತಿತ್ತು. ಎರಡೂ ನಮ್ಮದೇ ವಿದೇಶಾಂಗ ನೀತಿ. ದಕ್ಷಿಣದ ದೇಶವೊಂದು ಇನ್ನೊಂದನ್ನು ಹಸಿವಿಗೆ ತಳ್ಳಬಲ್ಲದು ಎಂದು ಒಪ್ಪದ ಪ್ರಗತಿಪರತೆ ನನಗೆ ಬೇಡ.

ಹಾಗಾದರೆ ಎಲ್ಲಿಯೂ ಏನೂ ಗೆಲ್ಲಲಿಲ್ಲವೇ ಎಂದರೆ, ಗೆದ್ದ ಒಂದು ಕಥೆ ಇದೆ. ಅದರ ಅರ್ಧ ನಡೆದದ್ದು ಈ ಊರಿನಲ್ಲೇ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಪೇಟೆಂಟ್ ಕಾನೂನಿನ ಬಗ್ಗೆ ವರದಿ ಕೊಟ್ಟರು. ಭಾರತದಲ್ಲಿ ದಾಖಲಾದ ಪೇಟೆಂಟುಗಳಲ್ಲಿ ಬಹುತೇಕ ವಿದೇಶಿಯರವು, ಅವುಗಳಿಂದ ಇಲ್ಲಿ ಔಷಧ ತಯಾರಾಗುವುದೂ ಇಲ್ಲ, ಅಗ್ಗವಾಗುವುದೂ ಇಲ್ಲ ಎಂಬುದು ಅದರ ತಿರುಳು. 1970ರ ಪೇಟೆಂಟ್ ಕಾಯ್ದೆ ಔಷಧವೆಂಬ ವಸ್ತುವಿಗೆ ಪೇಟೆಂಟ್ ಕೊಡುವುದನ್ನೇ ನಿಲ್ಲಿಸಿತು. ತಯಾರಿಸುವ ವಿಧಾನಕ್ಕೆ ಮಾತ್ರ, ಅದೂ ಅಲ್ಪಾವಧಿಗೆ. ಬೇರೆ ವಿಧಾನ ಕಂಡುಕೊಂಡವನು ಅದೇ ಮಾತ್ರೆ ಮಾಡಬಹುದು. ಕಂಡುಕೊಂಡರು. ಇಂದು ಲೋಕಕ್ಕೆ ಅಗ್ಗದ ಮಾತ್ರೆ ಕಳುಹಿಸುವ ನಮ್ಮ ಉದ್ಯಮ ಬೆಳೆದದ್ದು ಆ ಕಾನೂನಿನ ಮರೆಯಲ್ಲಿ.

2001ರ ಫೆಬ್ರವರಿಯಲ್ಲಿ, ಏಡ್ಸ್ ರೋಗಿಯೊಬ್ಬನ ವರ್ಷದ ಔಷಧಕ್ಕೆ ಪಶ್ಚಿಮದಲ್ಲಿ 10,000 ಡಾಲರಿಗೂ ಹೆಚ್ಚು ಬೀಳುತ್ತಿದ್ದಾಗ, ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದನ್ನೇ ಪರಿಹಾರ ಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದರು. ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. ಆದರೆ ಮಾತ್ರೆ ಅಗ್ಗವಾದರೆ ಸಾಲದು, ಅದನ್ನು ಒಳಗೆ ಬಿಟ್ಟುಕೊಳ್ಳುವ ಕಾನೂನು ಆ ದೇಶದಲ್ಲಿ ಬೇಕು. ದಕ್ಷಿಣ ಆಫ್ರಿಕಾ ಅಂಥ ಕಾನೂನು ಮಾಡಿದ್ದಕ್ಕೆ 39 ಔಷಧ ಕಂಪನಿಗಳು ಅದರ ಮೇಲೆ ದಾವೆ ಹೂಡಿದ್ದವು. ಅಲ್ಲಿಯ ಎಚ್‌ಐವಿ ಸೋಂಕಿತರು ಸಂಘಟಿತರಾಗಿ, ನ್ಯಾಯಾಲಯದ ಹೊರಗೂ ಒಳಗೂ ನಿಂತು, ಲೋಕದ ಮುಂದೆ ಆ ಕಂಪನಿಗಳ ಮುಖ ತಗ್ಗಿಸಿದರು. 2001ರ ಏಪ್ರಿಲಿನಲ್ಲಿ ದಾವೆ ವಾಪಸಾಯಿತು. ನವೆಂಬರಿನಲ್ಲಿ ದೋಹಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ, ಜನರ ಆರೋಗ್ಯ ಕಾಯುವ ಸರ್ಕಾರಗಳ ಹಕ್ಕಿಗೆ ಪೇಟೆಂಟ್ ನಿಯಮಗಳು ಅಡ್ಡಬರಬಾರದೆಂದು ಘೋಷಿಸಬೇಕಾಯಿತು.

2005ರಲ್ಲಿ ವ್ಯಾಪಾರ ಒಪ್ಪಂದದ ಗಡುವಿಗೆ ಕಟ್ಟುಬಿದ್ದು ನಾವು ಔಷಧಕ್ಕೂ ಪೇಟೆಂಟ್ ಕೊಡಲು ಒಪ್ಪಿದೆವು. ಆಗ ಯುಪಿಎ ಸರ್ಕಾರಕ್ಕೆ ಎಡಪಕ್ಷಗಳ ಬೆಂಬಲ ಬೇಕಿತ್ತು. ಅವುಗಳ ಒತ್ತಡದಿಂದ ಕಾಯ್ದೆಯಲ್ಲಿ 3(ಡಿ) ಎಂಬ ಕಲಮು ಬಿಗಿಯಾಯಿತು: ಹಳೆಯ ಔಷಧಕ್ಕೆ ಸಣ್ಣಪುಟ್ಟ ಬದಲಾವಣೆ ಮಾಡಿ ಹೊಸ ಪೇಟೆಂಟ್ ಕೇಳುವಂತಿಲ್ಲ, ಪರಿಣಾಮ ಹೆಚ್ಚಿದೆಯೆಂದು ತೋರಿಸಬೇಕು. ಗ್ಲಿವೆಕ್ ಎಂಬ ರಕ್ತದ ಕ್ಯಾನ್ಸರ್ ಔಷಧದ ವಿಚಾರದಲ್ಲಿ ನೊವಾರ್ಟಿಸ್ ಕಂಪನಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2013ರ ಏಪ್ರಿಲ್ 1ರಂದು ಸೋತಿತು. ಎಡಪಕ್ಷಗಳ ಹತ್ತು ತಪ್ಪುಗಳನ್ನು ನಾನೇ ಪಟ್ಟಿ ಮಾಡಿ ಕೊಡಬಲ್ಲೆ. ಈ ಒಂದು ಕಲಮಿಗಾಗಿ ಅವಕ್ಕೆ ನಮಸ್ಕಾರ.

ಕೊನೆಗೆ ಬೆಡಾಕ್ವಿಲಿನ್. ಮಾಮೂಲಿ ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಕೊಡುವ ಮಾತ್ರೆ ಇದು. ಇಂಥ ಕ್ಷಯದ ದೊಡ್ಡ ಹೊರೆ ಹೊತ್ತ ನಗರಗಳಲ್ಲಿ ನಮ್ಮದೂ ಒಂದು. ಗೋವಂಡಿಯ ಕಡೆ ಹೋಗಿ ಬನ್ನಿ, ಕಿಟಕಿಯೇ ಇಲ್ಲದ ಖೋಲಿಗಳು ಕಾಣುತ್ತವೆ. ಮೊದಲಿನ ಚಿಕಿತ್ಸೆಯಲ್ಲಿ ತಿಂಗಳುಗಟ್ಟಲೆ ಚುಚ್ಚುಮದ್ದು. ಅದರಿಂದ ಕೆಲವರ ಕಿವಿಯೇ ಹೋಗುತ್ತಿತ್ತು. ಹೀಗೆ ಶ್ರವಣ ಕಳೆದುಕೊಂಡ ಇಬ್ಬರು ತರುಣಿಯರು, ಒಬ್ಬರು ಮುಂಬಯಿಯವರು, ಇನ್ನೊಬ್ಬರು ದಕ್ಷಿಣ ಆಫ್ರಿಕಾದವರು, 2019ರಲ್ಲಿ ಒಟ್ಟಾಗಿ ಭಾರತದ ಪೇಟೆಂಟ್ ಕಚೇರಿಗೆ ಆಕ್ಷೇಪಣೆ ಸಲ್ಲಿಸಿದರು: ಬೆಡಾಕ್ವಿಲಿನ್ ಮೇಲಿನ ಹಕ್ಕನ್ನು ಇನ್ನೂ ನಾಲ್ಕು ವರ್ಷ ಎಳೆಯಲು ಕಂಪನಿ ಹಾಕಿರುವ ಅರ್ಜಿಯಲ್ಲಿ ಹೊಸದೇನೂ ಇಲ್ಲ. 2023ರ ಮಾರ್ಚಿನಲ್ಲಿ ಮುಂಬಯಿಯ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಳ್ಳಿಹಾಕಿತು. ಹಳೆಯ ಪೇಟೆಂಟ್ ಜುಲೈಯಲ್ಲಿ ಮುಗಿಯಿತು, ಇಲ್ಲಿಯ ಕಂಪನಿಗಳಿಗೆ ಮಾತ್ರೆ ಮಾಡುವ ದಾರಿ ತೆರೆಯಿತು. ವಿದೇಶಾಂಗ ಸಚಿವರ ಹಸ್ತಲಾಘವವಿಲ್ಲದೆ ನಡೆದ ಈ ಕೆಲಸವನ್ನು ನಾನು ಅಂತಾರಾಷ್ಟ್ರೀಯ ಸಂಬಂಧ ಎಂದೇ ಕರೆಯುತ್ತೇನೆ. ಹೊರಗಿನ ಲೆಕ್ಕ, ಒಳಗಿನ ಲೆಕ್ಕ ಎರಡೂ ಒಂದೇ ಅರ್ಜಿಯಲ್ಲಿ ಇದ್ದವು.

ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾಗಳ ಹೆಸರಿನಿಂದಾದ ಬ್ರಿಕ್ಸ್ ಕೂಟದ ಬಗ್ಗೆ ಹೇಳದೆ ಹೋದರೆ ಬಿಡುವುದಿಲ್ಲ ಎಂದು ಮುಂದಿನ ಸಾಲಿನವರು ಮೊದಲೇ ಎಚ್ಚರಿಸಿದ್ದಾರೆ. ಶಾಂಘೈಯಲ್ಲಿರುವ ಬ್ರಿಕ್ಸ್ ಬ್ಯಾಂಕಿನ ಮೊದಲ ಅಧ್ಯಕ್ಷರಾಗಿದ್ದವರು ಮಂಗಳೂರಿನ ಕೆ.ವಿ. ಕಾಮತ್, ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ ಈ ಊರಿನ ಬ್ಯಾಂಕಿಂಗಿನಲ್ಲಿ ಹೆಸರು ಮಾಡಿದವರು. ಐದು ಸ್ಥಾಪಕ ದೇಶಗಳೂ ಸಮ ಬಂಡವಾಳ ಹಾಕಿ ಸಮ ಮತ ಇಟ್ಟುಕೊಂಡವು. ಬ್ರೆಟನ್ ವುಡ್ಸ್‌ನಲ್ಲಿ ಕನಸಿಗೂ ಬಾರದ ಸಂಗತಿ. ಹೊರಗಿನ ಲೆಕ್ಕದಲ್ಲಿ ಇದು ದೊಡ್ಡ ಮುನ್ನಡೆ. ಮುಂಬಯಿ ಮೆಟ್ರೋದ 2 ಮತ್ತು 7ನೇ ಮಾರ್ಗಗಳಿಗೆ ಆ ಬ್ಯಾಂಕು 26 ಕೋಟಿ ಡಾಲರ್ ಸಾಲ ಕೊಟ್ಟಿದೆ. ಭೂಗತ 3ನೇ ಮಾರ್ಗಕ್ಕೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಸಾಲ. ಆ ಮಾರ್ಗದ ಕಾರ್‌ಶೆಡ್ಡಿಗಾಗಿ 2019ರ ಅಕ್ಟೋಬರಿನಲ್ಲಿ ಆರೆ ಕಾಡಿನ ಎರಡು ಸಾವಿರಕ್ಕೂ ಹೆಚ್ಚು ಮರಗಳು ರಾತ್ರೋರಾತ್ರಿ ಉರುಳಿದವು. ಸಾಲ ಟೋಕಿಯೊದಿಂದ ಬಂದರೂ ಶಾಂಘೈಯಿಂದ ಬಂದರೂ ಆರೆಯ ವಾರ್ಲಿ ಪಾಡಾದವರು (ಆದಿವಾಸಿ ಹಾಡಿಯವರು) ದೂರು ಕೊಡಬೇಕಾದ ಬಾಗಿಲು ಯಾವುದು, ಅದನ್ನು ತೆರೆಯುವವರು ಯಾರು ಎಂಬುದಕ್ಕೆ ಬ್ಯಾಂಕಿನ ಧ್ವಜದ ಬಣ್ಣ ಉತ್ತರವಲ್ಲ. ಬ್ರಿಕ್ಸ್ ಎಂದೊಡನೆ ಪುಳಕಗೊಳ್ಳುವವರಿಗೆ ನನ್ನದು ಇಷ್ಟೇ ಪ್ರಶ್ನೆ.

ಮಾತು ಮುಗಿದ ಮೇಲೆ ಹಲವರು ಕೇಳಿದರು. ಅದರಲ್ಲಿ ವಡಾಲಾದ ಒಬ್ಬ ಕಿರಾಣಿ ವ್ಯಾಪಾರಿಯ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. “ಎಲ್ಲ ಸರಿ, ಬೆಲೆ ಏರಿದಾಗ ಸರ್ಕಾರ ಅಕ್ಕಿಯನ್ನು ಹೊರಗೆ ಬಿಡಬೇಕೋ ಬೇಡವೋ? ಅದನ್ನು ಹೇಳಿ” ಎಂದರು.

ನಾನು ಹೇಳಿದ್ದು ಇದು. ಪಡಿತರಕ್ಕೆ ದಾಸ್ತಾನು ಇಡುವ ಹಕ್ಕನ್ನು ಬಿಟ್ಟುಕೊಡಬಾರದು. ವಿಶ್ವ ವ್ಯಾಪಾರ ಸಂಸ್ಥೆ ನಮ್ಮ ಅಕ್ಕಿಯ ಬೆಂಬಲ ಬೆಲೆಯನ್ನು ಇವತ್ತಿಗೂ 1986–88ರ ಬೆಲೆಗೆ ಹೋಲಿಸಿ, ಮಿತಿ ಮೀರಿದ್ದೀರಿ ಎನ್ನುತ್ತದೆ. 2013ರಲ್ಲಿ ಬಾಲಿಯಲ್ಲಿ ಸಿಕ್ಕಿದ್ದು ತಾತ್ಕಾಲಿಕ ರಕ್ಷಣೆ. ಶಾಶ್ವತ ಪರಿಹಾರದ ಮಾತು ಎಳೆಯುತ್ತಲೇ ಇದೆ. ಅದನ್ನು ಗೆಲ್ಲಲು ನಮಗೆ ಆಫ್ರಿಕಾದ ದೇಶಗಳು ಜೊತೆಗೆ ಬೇಕು. ಬೇಕಿದ್ದರೆ ಅವರ ಅನ್ನಕ್ಕೂ ನಾವು ಮಾತು ಕೊಡಬೇಕು. 2023ರಲ್ಲಿ ನಿಷೇಧದ ನಡುವೆಯೂ ಕ್ಯಾಮೆರೂನ್, ಗಿನಿ, ಐವರಿ ಕೋಸ್ಟ್ ಮುಂತಾದ ಕೆಲವು ದೇಶಗಳಿಗೆ ಸರ್ಕಾರದ ಒಪ್ಪಿಗೆಯಿಂದ ಇಷ್ಟಿಷ್ಟು ಟನ್ ಎಂದು ಬಿಟ್ಟರು. ಅದು ಬೇಡಿದವರಿಗೆ ಕೊಟ್ಟ ದಯೆಯಾಗಿತ್ತು. ಅದನ್ನೇ ಮೊದಲೇ ಬರೆದ ಒಪ್ಪಂದ ಮಾಡಿ, ನಮ್ಮನ್ನು ನಂಬಿ ಅಡುಗೆ ಮಾಡುವ ಬಡ ದೇಶಗಳಿಗೆ ನಿಷೇಧದ ಕಾಲದಲ್ಲೂ ಇಷ್ಟು ಪಾಲು ಖಾತರಿ ಎಂದರೆ ಆಯಿತು.

ಅವರು ಒಪ್ಪಲಿಲ್ಲ. ಮೊದಲೇ ತಿಳಿಸಿದರೆ ನಮ್ಮಂಥ ವ್ಯಾಪಾರಿಗಳು ಸುಮ್ಮನಿರುತ್ತಾರೆಯೇ, ನಿಷೇಧ ಬರುವುದರೊಳಗೆ ಗೋದಾಮು ತುಂಬಿಸಿ ಬೆಲೆ ಏರಿಸುತ್ತಾರೆ ಎಂದರು. ತಮ್ಮ ಕಸುಬನ್ನು ಅವರೇ ಹೀಗೆ ಹೇಳಿದ್ದಕ್ಕೆ ಸಭೆ ನಕ್ಕಿತು. ಆ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕಾಗಿಯೇ ಪಾಲನ್ನು ಖಾಸಗಿ ರಫ್ತುದಾರರ ಕೈಗೆ ಕೊಡದೆ ಆಹಾರ ನಿಗಮದ ದಾಸ್ತಾನಿನಿಂದ ಕೊಳ್ಳುವ ದೇಶದ ಸರ್ಕಾರಕ್ಕೇ ನೇರವಾಗಿ ಕೊಡಬೇಕು, ಬೆಲೆಯನ್ನು ಹಿಂದಿನ ಮೂರು ವರ್ಷಗಳ ಸರಾಸರಿಗೆ ಕಟ್ಟಬೇಕು ಎಂದೆ. ಅದಕ್ಕೆ ಅವರು, ನಿಗಮದ ಗೋದಾಮಿನಲ್ಲಿ ನುಚ್ಚಕ್ಕಿಯನ್ನು ಬೇರೆ ಮಾಡಿ ಇಡುವವರು ಯಾರು ಎಂದು ಇನ್ನೊಂದು ಪ್ರಶ್ನೆ ಹಾಕಿದರು. ಅಷ್ಟರಲ್ಲಿ ಕಾಫಿ ಬಂತು; ಚರ್ಚೆ ಕಾಫಿಯ ಮೇಜಿನ ಬಳಿ ಮುಂದುವರಿಯಿತು.